ಗಂಡು ಸಾಲಿ

ನಮ್ಮ ಅಥಣಿ ಸೀಮೆಯ ಯಾವುದೇ ದೊಡ್ಡ ಊರಿನಲ್ಲಿ ಬಸ್ಸಿಳಿದು ‘ಸಾಲಿ ಎಲ್ಲೈತ್ರೀ?’ ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ, ಮರುಪ್ರಶ್ನೆ ಬರುತ್ತದೆ: ‘ಯಾವ ಸಾಲಿ? ಗಂಡ ಸಾಲ್ಯೋ, ಹೆಣ್ಣ ಸಾಲ್ಯೋ?’ ತೆಲಸಂಗದಲ್ಲಿ ಬೆಳೆದ ನನಗೆ ಇದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ಮೈಸೂರು ಕಡೆಯ ಗೆಳೆಯನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕಾಗಲೇ ಕಂಡದ್ದು. ಮಾಸ್ತರರು ಒಳಗೆ ಕರಿಹಲಗೆಯ ಮೇಲೆ ‘ಶಾಲೆ ನಪುಂಸಕಲಿಂಗ’ ಎಂದು ಬರೆಸುತ್ತಿದ್ದರು. ಹೊರಗಿನ ಬೋರ್ಡು ‘ಕನ್ನಡ ಗಂಡು ಮಕ್ಕಳ ಶಾಲೆ’ ಎನ್ನುತ್ತಿತ್ತು. ವ್ಯಾಕರಣ ಸೋತದ್ದು ಬಾಗಿಲಲ್ಲೇ.

ಈ ಹೆಸರು ಮುಂಬಯಿ ಇಲಾಖೆಯ ಕಾಲದ್ದು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಪಾಟಿ, ಖಡು, ಇಯತ್ತೆ, ಮುಲ್ಕಿ ಎಲ್ಲವನ್ನೂ ಗಂಟು ಕಟ್ಟಿಕೊಂಡೇ ಬಂದೆವು. ‘ಕನ್ನಡ’ ಎಂಬ ಪದವಂತೂ ಬೋರ್ಡಿನ ಮೇಲೆ ಸುಮ್ಮನೆ ಏರಿದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಮಾತಾಡುವ ಈ ನಾಡಿನ ಹುಡುಗರು ಸಾಲಿಯಲ್ಲಿ ಮರಾಠಿ ಓದುತ್ತಿದ್ದರು. ಅದನ್ನು ತಿರುಗಿಸಿದವರಲ್ಲಿ ಮುಖ್ಯರು ಡೆಪ್ಯುಟಿ ಚನ್ನಬಸಪ್ಪನವರು. ಅವರು ತೀರಿಕೊಂಡದ್ದು 1881ರಲ್ಲಿ. ಅಷ್ಟರೊಳಗೆ ಊರೂರಿಗೆ ಕನ್ನಡ ಸಾಲಿ ಎಂಬ ಮಾತು ಬೇರು ಬಿಟ್ಟಿತ್ತು.

ಆ ಸಾಲಿಗೆ ಸೇರಲು ಕಾಗದ ಬೇಕಿರಲಿಲ್ಲ, ಕೈ ಉದ್ದವಿದ್ದರೆ ಸಾಕಿತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು, ಮುಟ್ಟದಿದ್ದರೆ ‘ಬರೂ ವರ್ಸ ಕರಕೊಂಡ ಬಾ’. ಹುಟ್ಟಿದ ತಾರೀಖು ಕೇಳಿದರೆ ಅವ್ವ ‘ಜ್ವಾಳದ ಸುಗ್ಯಾಗ’ ಎನ್ನುವಳು. ಸುಗ್ಗಿಯನ್ನು ತಾರೀಖು ಮಾಡಲು ಮಾಸ್ತರರಿಗೆ ಎಲ್ಲಿಯ ಪುರಸೊತ್ತು? ಜೂನ್ 1 ಎಂದು ಬರೆದುಬಿಡುವರು. ಹೀಗಾಗಿ ನನ್ನ ವಾರಿಗೆಯ ಅರ್ಧ ಊರು ಒಂದೇ ದಿನ ಹುಟ್ಟಿತು. ಮುಂದೆ ನೌಕರಿ ಹಿಡಿದವರೆಲ್ಲ ಮೇ 31ಕ್ಕೆ ಸಾಮೂಹಿಕವಾಗಿ ನಿವೃತ್ತರಾಗಿ, ಒಂದೇ ಕಟ್ಟೆಯ ಮೇಲೆ ಬಂದು ಕೂತರು.

ಗಂಡು ಸಾಲಿಯ ಗತ್ತು ಕಾಣಬೇಕಾದರೆ ಆಗಸ್ಟ್ 15ಕ್ಕೆ ಕಾಣಬೇಕಿತ್ತು. ಬೆಳಗಿನ ಪ್ರಭಾತಫೇರಿಯಲ್ಲಿ ಹಲಗಿಯ ಪೆಟ್ಟಿಗೆ ಸರಿಯಾಗಿ ಲೇಜಿಮ್ ‘ಝಣ್’ ಎನ್ನಬೇಕು. ಒಬ್ಬನ ಝಣ್ ತಡವಾದರೆ ಹಿಂದಿನಿಂದ ಡ್ರಿಲ್ ಮಾಸ್ತರರ ಸೀಟಿ. ದಸರೆಗೆ ಪಾಟಿಪೂಜೆ. ಬನ್ನಿ ಮುಡಿಯುವ ದಿನವಂತೂ ವರ್ಷವಿಡೀ ಬೆತ್ತ ತಿಂದ ಕೈಗಳೇ ಮಾಸ್ತರರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳುತ್ತಿದ್ದವು. ಮಾಸ್ತರರು ಎರಡೂ ಕೈಯಿಂದ ಬನ್ನಿ ತೆಗೆದುಕೊಳ್ಳುತ್ತಿದ್ದರು. ಆ ಒಂದು ದಿನ ಲೆಕ್ಕ ಚುಕ್ತಾ. ಮರುದಿನದಿಂದ ಮತ್ತೆ ಮಗ್ಗಿ, ಮತ್ತೆ ಬೆತ್ತ.

ಏಳನೆಯ ಇಯತ್ತೆ ಮುಗಿದರೆ ಮುಲ್ಕಿ ಪರೀಕ್ಷೆ. ನಮ್ಮ ಮುತ್ಯಾನ ಕಾಲದಲ್ಲಿ ಮುಲ್ಕಿ ಪಾಸಾದವನಿಗೆ ಮಾಸ್ತರಕಿಯೋ ತಲಾಠಿ ಕೆಲಸವೋ ಸಿಗುತ್ತಿತ್ತು. ಅದಕ್ಕೂ ಮೇಲೆ, ಇಂಗ್ಲಿಷ್ ಕಲಿತು ಮ್ಯಾಟ್ರಿಕ್ ಆಗಬೇಕೆಂದರೆ ಊರು ಬಿಡಬೇಕು. ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಏಳು ಜನ ಸೇರಿ ಒಂದು ಸಾಲಿ ತೆರೆದು ಕೆ.ಎಲ್.ಇ. ಸಂಸ್ಥೆಗೆ ಬುನಾದಿ ಹಾಕಿದರು. ಜನ ಅವರನ್ನು ಸಪ್ತರ್ಷಿಗಳು ಎಂದೇ ಕರೆದರು. ಆ ಸಾಲಿಯೇ ಗಿಲಗಂಚಿ-ಅರಟಾಳ ಹೈಸ್ಕೂಲ್, ಜನರ ಬಾಯಲ್ಲಿ ಜಿ.ಎ. ಹೈಸ್ಕೂಲ್. ಅರಟಾಳ ಎಂಬ ಊರು ನಮ್ಮ ತಾಲೂಕಿನಲ್ಲೇ ಇರುವುದರಿಂದ ಬೆಳಗಾವಿಯ ಸಾಲಿಗೆ ನಮ್ಮ ನೆರೆಯೂರಿನ ಹೆಸರೇ ಇಟ್ಟಿದ್ದಾರೆಂದು ನಾವು ಬಹಳ ದಿನ ಹೆಮ್ಮೆಪಟ್ಟೆವು. ಅದು ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಎಂಬ ಇಬ್ಬರು ವಿದ್ಯಾಭಿಮಾನಿಗಳ ಹೆಸರೆಂದು ತಿಳಿದಾಗ ಹೆಮ್ಮೆ ಸ್ವಲ್ಪ ಇಳಿಯಿತು, ಗೌರವ ಏರಿತು.

ಈ ಕಡೆಯಿಂದ ಹಾಗೆ ಬೆಳಗಾವಿಗೆ ಹೊರಟವರ ಕೈಯಲ್ಲಿ ಒಂದು ಟ್ರಂಕು, ರೊಟ್ಟಿಯ ಗಂಟು, ಶೇಂಗಾ ಹಿಂಡಿ. ಇರಲು ಬೋರ್ಡಿಂಗು. ಆದರೆ ಗಂಟು ಹೊತ್ತವರೆಲ್ಲ ಹುಡುಗರೇ.

ಇಲ್ಲಿ ನನಗೆ ನಮ್ಮಕ್ಕ ನೆನಪಾಗುತ್ತಾಳೆ. ಮಗ್ಗಿಯಲ್ಲಿ ಅವಳು ನನಗಿಂತ ಚುರುಕು. ‘ದೀಡಕಿ ಹೇಳು’ ಎಂದು ಒಂದೂವರೆಯ ಮಗ್ಗಿ ಕೇಳಿದರೆ ನಾನು ಮೇಲೆ ಜಂತಿ ಎಣಿಸುವಷ್ಟರಲ್ಲಿ ಅವಳು ರೊಟ್ಟಿ ಬಡಿಯುತ್ತ ಇಪ್ಪತ್ತರ ತನಕ ಹೇಳಿ ಮುಗಿಸಿರುತ್ತಿದ್ದಳು. ಮುಲ್ಕಿ ಪಾಸಾದಳು. ಮುಂದಿನ ಹೈಸ್ಕೂಲಿನ ಬೋರ್ಡಿನ ಮೇಲೆ ‘ಗಂಡು’ ಎಂಬ ಅಕ್ಷರವೇ ಇರಲಿಲ್ಲ. ಹುಡುಗಿಯರು ಬರಬಾರದೆಂಬ ಕಾಯಿದೆಯೂ ಇರಲಿಲ್ಲ. ಇದ್ದದ್ದು ಬಸ್ಸಿನ ದಾರಿ, ಹೊತ್ತು ಮುಳುಗಿದ ಮೇಲೆ ಬರುವ ಬಸ್ಸು. ‘ಹೆಣ್ಣ ಹುಡುಗಿ, ಅಷ್ಟ ದೂರ ಯಾಂವ ಕಳಸ್ತಾನ?’ ಎಂದ ಅಪ್ಪ. ಅಲ್ಲಿಗೆ ಮುಗಿಯಿತು. ನಾನು ಹೋದೆ, ಅವಳು ಉಳಿದಳು. ಇವತ್ತಿಗೂ ನನ್ನ ಪೆನ್ಶನ್ನಿನ ಲೆಕ್ಕ ಮಾಡಿಕೊಡುವವಳು ಅವಳೇ.

ಆಗ ಹೊಳೆಯದ್ದು ಈಗ ಹೊಳೆಯುತ್ತದೆ. ಗಂಡು ಸಾಲಿ ಆಗುವುದು ಬೋರ್ಡಿನಿಂದಲ್ಲ, ದಾರಿಯಿಂದ. ಹೆಸರಿನಲ್ಲಿ ಗಂಡು ಇದ್ದ ಸಾಲಿ ಮನೆಯ ಮಗ್ಗುಲಲ್ಲಿತ್ತು. ಅಲ್ಲಿಗೆ ಹುಡುಗಿಯರು ಇವತ್ತಲ್ಲ ನಾಳೆ ಕಾಲಿಡುವವರೇ ಇದ್ದರು, ಇಟ್ಟರು. ಹೆಸರಿನಲ್ಲಿ ಇಲ್ಲದ ಹೈಸ್ಕೂಲು ಮೈಲುಗಟ್ಟಲೆ ಆಚೆಗಿತ್ತು. ನಿಜವಾದ ಗಂಡು ಸಾಲಿ ಅದೇ ಆಗಿತ್ತು. 2006-07ರಲ್ಲಿ ಸರಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡತೊಡಗಿದಾಗ ನಮ್ಮ ಕಟ್ಟೆಯ ನಿವೃತ್ತರು ‘ಸೈಕಲ್ಲಿನಿಂದ ವಿದ್ಯಾ ಬರತೈತೇನು?’ ಎಂದು ನಕ್ಕರು. ಅಕ್ಕ ನಗಲಿಲ್ಲ. ಜಡೆ ಹಾರಿಸಿಕೊಂಡು ಘಂಟಿ ಬಾರಿಸುತ್ತ ಹೋದ ಹುಡುಗಿಯರನ್ನು ಓಣಿ ತಿರುಗುವ ತನಕ ನೋಡಿ, ‘ಆವಾಗ ಯಾಕ ಕೊಡಲಿಲ್ಲೋ?’ ಎಂದಳು. ಯಾರನ್ನು ಕೇಳಿದಳೋ ಗೊತ್ತಿಲ್ಲ. ನಾನಂತೂ ಜೋಳದ ಚೀಲ ಎಣಿಸುವ ನೆಪ ಮಾಡಿದೆ.

ದ್ರಾಕ್ಷಿ ಬಂದ ಮೇಲೆ ನಮ್ಮ ಸೀಮೆ ಬಹಳ ಬದಲಾಗಿದೆ. ಜೋಳದ ಹೊಲಗಳ ನಡುವೆ ಒಣದ್ರಾಕ್ಷಿಯ ಶೆಡ್ಡುಗಳು ಎದ್ದಿವೆ. ಬೋರ್ಡು ಬದಲಾಗಿಲ್ಲ. ವರ್ಷಕ್ಕೊಮ್ಮೆ ಸುಣ್ಣ ಬಳಿಸಿ, ‘ಗಂಡು ಮಕ್ಕಳ’ ಎಂದೇ ದಪ್ಪಕ್ಷರದಲ್ಲಿ ಮತ್ತೆ ಬರೆಸುತ್ತಾರೆ. ಬದಲಿಸಿ ಎಂದು ನಾನು ಅರ್ಜಿ ಕೊಡುವುದಿಲ್ಲ. ಹಳೆಯ ಹೆಸರು ಇರಲಿ. ಎಲ್ಲಿಂದ ಬಂದೆವೆಂಬುದಕ್ಕೆ ಒಂದು ಗುರುತು ಬೇಕು.

ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ಎಂದಾದರೂ ತೆಲಸಂಗದಲ್ಲಿ ಇಳಿದರೆ ಗಂಡು ಸಾಲಿ ಎಲ್ಲಿ ಎಂದು ಕೇಳಿ. ‘ನಾ ಅದ ಸಾಲ್ಯಾಗ ಅದೀನ್ರಿ, ಬರ್ರಿ’ ಎಂದು ಮುಂದೆ ಮುಂದೆ ನಡೆಯುವವಳು ಹುಡುಗಿಯೇ ಆಗಿದ್ದರೆ ನಗಬೇಡಿ, ಹಿಂದೆ ಹೋಗಿ.