ಗಾಂಧಿ ಟೋಪಿಗೆ ಅಂಚಿಲ್ಲ



ಏಪ್ರಿಲ್ ಬಂತೆಂದರೆ ಸೊಲ್ಲಾಪುರದಲ್ಲಿ ಸ್ಕೂಟಿ ಓಡಿಸುವ ಹುಡುಗಿಯರೆಲ್ಲ ಮುಖಕ್ಕೆ ಸ್ಕಾರ್ಫ್ ಬಿಗಿಯುತ್ತೇವೆ. ಬಣ್ಣ ಕಪ್ಪಾಗುತ್ತದೆಂಬ ಭಯ ಎಂದು ಹುಡುಗರು ನಗುತ್ತಾರೆ. ನಮ್ಮ ಮನೆಯಲ್ಲಿ ಈಗ ಯಾರೂ ನಗುವುದಿಲ್ಲ.

ಅಕ್ಕಲಕೋಟದ ಹತ್ತಿರ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಎರಡು ವರ್ಷದ ಹಿಂದೆ ಮೂಗಿನ ಪಕ್ಕ ಸಣ್ಣ ಹುಣ್ಣಾಯಿತು. ತಿಂಗಳುಗಟ್ಟಲೆ ಮಾಯಲಿಲ್ಲ. ಸೊಲ್ಲಾಪುರಕ್ಕೆ ಕರೆತಂದು ಪರೀಕ್ಷೆ ಮಾಡಿಸಿದಾಗ ಚರ್ಮದ ಕ್ಯಾನ್ಸರ್ ಎಂದು ತಿಳಿಯಿತು. ನಮ್ಮಂಥ ಮೈಬಣ್ಣದವರಲ್ಲಿ ಇದು ಅಪರೂಪ. ಚರ್ಮದಲ್ಲಿರುವ ಮೆಲನಿನ್ ನಮ್ಮನ್ನು ಕಾಯುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಬೇಗ ಗೊತ್ತಾದ್ದರಿಂದ ಒಂದೇ ಆಪರೇಷನ್‌ಗೆ ಮುಗಿಯಿತು. ಒಮ್ಮೆ ಬಂದವರಿಗೆ ಬೇರೆ ಕಡೆ ಹೊಸದಾಗಿ ಬರುವ ಸಾಧ್ಯತೆ ಹೆಚ್ಚು, ಬಿಸಿಲಿಗೆ ಮೈ ಒಡ್ಡಬೇಡಿ ಎಂದು ಡಾಕ್ಟರ್ ಹೇಳಿ ಕಳಿಸಿದರು.

ಗಾಯ ಮಾಯುತ್ತಲೇ ಮಾವ ತೊಗರಿ ಹೊಲಕ್ಕೆ ಹೊರಟರು. ತಲೆಯ ಮೇಲೆ ಅದೇ ಬಿಳಿ ಗಾಂಧಿ ಟೋಪಿ. ಅದಕ್ಕೆ ಅಂಚಿಲ್ಲ, ಮೂಗು, ಕಿವಿ, ಕುತ್ತಿಗೆ ಎಲ್ಲವೂ ಬಿಸಿಲಿಗೇ. ಛತ್ರಿ ಕೊಟ್ಟರೆ, "ಗಂಡಸು ಹೊಲಕ್ಕ ಛತ್ರಿ ಹಿಡಕೊಂಡು ಹೋದ್ರ ಮಂದಿ ಏನಂತಾರವ್ವಾ?" ಎಂದರು.

ಇದು ಮಾವನೊಬ್ಬರ ಹಠವಲ್ಲ. ಅಮೆರಿಕದಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಿಂದ ಪಾರಾದವರ ಬಗ್ಗೆ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ವರದಿ ಕೊಟ್ಟರು. ಒಂದು ಗಂಟೆಗಿಂತ ಹೆಚ್ಚು ಬಿಸಿಲಲ್ಲಿರುವಾಗಲೂ ಅವರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಸನ್‌ಸ್ಕ್ರೀನ್ ಹಚ್ಚುವುದೇ ಇಲ್ಲವಂತೆ. ಗೊತ್ತಿದ್ದೂ ಅಭ್ಯಾಸ ಬದಲಿಸುವುದು ಕಷ್ಟ. ಒಬ್ಬರೇ ಬದಲಿಸುವುದು ಇನ್ನೂ ಕಷ್ಟ.

ದಾರಿ ಕಂಡದ್ದು ಅತ್ತೆಗೆ. ನಸುಕಿನಲ್ಲೇ ರೊಟ್ಟಿ ಕಟ್ಟಿ ಇಬ್ಬರೂ ಹೊಲಕ್ಕೆ ಹೋಗುತ್ತಾರೆ. ಹತ್ತಕ್ಕೆ ನೆರಳು, ನಾಲ್ಕರ ಮೇಲೆ ಮತ್ತೆ ಕೆಲಸ. ಇಬ್ಬರಿಗೂ ತುಂಬುತೋಳಿನ ಅಂಗಿ. ಮಾವನ ಟೋಪಿ ಹೋಗಿಲ್ಲ, ಅದರ ಮೇಲೆ ಕಿವಿ, ಕುತ್ತಿಗೆ ಮುಚ್ಚುವಂತೆ ದೊಡ್ಡ ಟವೆಲ್ ಬಂದಿದೆ. ಮೂಗಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಜನವರಿಯ ಸಿದ್ಧೇಶ್ವರ ಜಾತ್ರೆಯ ತಂಪಿನಲ್ಲೂ ಇದೇ ನಿಯಮ. ಚರ್ಮ ಕೆಡಿಸುವ ಅತಿನೇರಳೆ ಕಿರಣ ಮೈಗೆ ಬಿಸಿಯಾಗಿ ತಿಳಿಯುವುದಿಲ್ಲ, ಮೋಡವನ್ನೂ ದಾಟಿ ಬರುತ್ತದೆ.

ಯುವಜನರಾದ ನಾವೂ ಒಂದಿಷ್ಟು ಮಾಡಬಹುದು. ಶುಭ ಶುಕ್ರವಾರದ ಶಿಲುಬೆ ಹಾದಿಯನ್ನು ಹೊತ್ತೇರುವ ಮೊದಲೇ ಆರಂಭಿಸೋಣ. ಅಂಗಳಕ್ಕೆ ಪೆಂಡಾಲ್ ಹಾಕೋಣ. ಹುಡುಗರೇ, ಮೊದಲು ನೀವು ಛತ್ರಿ ಬಿಚ್ಚಿ. ಆಗ ಹಿರಿಯರಿಗೆ ನಾಚಿಕೆ ಅನಿಸುವುದಿಲ್ಲ. ಮನೆಯಲ್ಲಿ ಯಾರಿಗಾದರೂ ನಾಲ್ಕು ವಾರವಾದರೂ ಮಾಯದ ಹುಣ್ಣಿದ್ದರೆ, "ನೋಡೋಣ" ಎನ್ನದೆ ಈ ವಾರವೇ ಡಾಕ್ಟರಿಗೆ ತೋರಿಸಿ.