ಉಪ್ಪಿನಲ್ಲಿ ಜೋಡಿ ಇಲ್ಲ

ಎಂಬತ್ತರ ದಶಕದಲ್ಲಿ ಕುಮಟಾ ಕಡೆಯ ಪದವಿಪೂರ್ವ ಕಾಲೇಜೊಂದಕ್ಕೆ ನಾನು ಕೆಮಿಸ್ಟ್ರಿ ಲೆಕ್ಚರರ್ ಆಗಿ ಸೇರಿದಾಗ, ಲ್ಯಾಬ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಮೂಗೇ ಕರೆದುಕೊಂಡು ಹೋಯಿತು. ಲ್ಯಾಬಿನ ಹಿಂದೊಂದು ಪುಟ್ಟ ಕೋಣೆ. ಅದರಲ್ಲಿ ಗಾಜಿನ ಬುರುಡೆಗಳನ್ನು ಒಂದರ ಮೇಲೊಂದು ಕೂರಿಸಿದ ಕಿಪ್ಸ್ ಉಪಕರಣ. ನಡುವಿನ ಬುರುಡೆಯಲ್ಲಿ ಫೆರಸ್ ಸಲ್ಫೈಡಿನ ಕರಿ ತುಂಡುಗಳು. ನಲ್ಲಿ ತಿರುಗಿಸಿದರೆ ಆಸಿಡ್ ಏರಿ ಬಂದು ತುಂಡುಗಳನ್ನು ಮುಟ್ಟುತ್ತಿತ್ತು. ಕೊಳೆತ ಮೊಟ್ಟೆ ನಾರುವ ಹೈಡ್ರೋಜನ್ ಸಲ್ಫೈಡ್ ಹೊರಬೀಳುತ್ತಿತ್ತು. ಆ ಕೋಣೆಯ ಯಜಮಾನಿಕೆ ನಮ್ಮ ಅಟೆಂಡರ್‌ರದು. ಟೆಸ್ಟ್‌ಟ್ಯೂಬ್ ಹಿಡಿದು ಬಾಗುವ ಹುಡುಗರಿಗೆ ಅವರು, "ತಮಾ, ಮೋರೆ ಆಚೆ ತೆಗಿ" ಎಂದು ಗದರುತ್ತಿದ್ದರು. ದ್ರಾವಣದಲ್ಲಿ ತಾಮ್ರವಿದ್ದರೆ ಒಂದು ಕ್ಷಣದಲ್ಲಿ ಎಲ್ಲ ಕಪ್ಪಾಗುತ್ತಿತ್ತು. ಆ ಕಪ್ಪಿಗಾಗಿ ಹುಡುಗರು ನಾತವನ್ನು ಸಹಿಸುತ್ತಿದ್ದರು.

ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ಹೊರಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ, "ಸಾಲ್ಟ್ ಯಾವುದು ಬಂತು?" ಎಂದು. ಚಿಟಿಕೆ ಬಿಳಿ ಪುಡಿ ಕೊಟ್ಟರೆ ಅದರಲ್ಲಿರುವ ಧನ ಅಯಾನು ಒಂದು, ಋಣ ಅಯಾನು ಒಂದು, ಎರಡನ್ನೂ ಬೇರೆ ಬೇರೆಯಾಗಿ ಪತ್ತೆ ಹಚ್ಚಬೇಕು. ನೈಟ್ರೇಟಿಗೆ ಬ್ರೌನ್ ರಿಂಗ್, ಕ್ಲೋರೈಡಿಗೆ ಸಿಲ್ವರ್ ನೈಟ್ರೇಟ್, ಅಮೋನಿಯಮ್ಮಿಗೆ ಮೂಗು. ಸೋಡಿಯಂ ಕ್ಲೋರೈಡ್ ಆದರೇನು, ಬೇರಿಯಂ ಕ್ಲೋರೈಡ್ ಆದರೇನು, ಕ್ಲೋರೈಡ್ ಪರೀಕ್ಷೆ ಒಂದೇ. ಜತೆಗಿರುವವರು ಯಾರು ಎಂದು ಸಿಲ್ವರ್ ನೈಟ್ರೇಟ್ ಕೇಳುವುದಿಲ್ಲ. ಅಯಾನಿಕ ಸಂಯುಕ್ತ ಎಂದರೇನು ಎಂಬುದಕ್ಕೆ ಇದಕ್ಕಿಂತ ನೇರವಾದ ಪಾಠ ಇನ್ನೊಂದಿಲ್ಲ. ಆದರೆ ಆ ಕಾಲದಲ್ಲಿ ಯಾರೂ ಇದನ್ನು ಪಾಠ ಎಂದು ಎಣಿಸಿರಲಿಲ್ಲ. ಇದು ಪ್ರಾಕ್ಟಿಕಲ್, ಅದು ಥಿಯರಿ, ನಡುವೆ ಒಂದು ಗೋಡೆ.

ಗೋಡೆಯ ಆಚೆ, ಕ್ಲಾಸಿನ ಕರಿಹಲಗೆಯ ಮೇಲೆ ಇನ್ನೊಂದೇ ಕಥೆ ನಡೆಯುತ್ತಿತ್ತು. ಎರಡು ವೃತ್ತ, ಸುತ್ತ ಚುಕ್ಕೆ, ಒಂದು ಬಾಣ. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ದಾನ ಮಾಡಿತು, ಕ್ಲೋರಿನ್ ಕೈಚಾಚಿ ಪಡೆಯಿತು, ಇಬ್ಬರಿಗೂ ಎಂಟು ಎಲೆಕ್ಟ್ರಾನಿನ ಸಂಸಾರ ಸಿಕ್ಕಿತು, ಸುಖವಾಗಿದ್ದರು. 1916ರಲ್ಲಿ ಜರ್ಮನಿಯ ವಾಲ್ಟರ್ ಕೊಸೆಲ್ ಹೇಳಿದ ವಿಚಾರ ನಮ್ಮೂರಿನ ಕ್ಲಾಸಿಗೆ ಬರುವಷ್ಟರಲ್ಲಿ ದಾನಶೂರ ಕರ್ಣನ ಪ್ರಸಂಗವಾಗಿತ್ತು. ಎಲೆಕ್ಟ್ರೋವೇಲೆಂಟ್ ಬಾಂಡ್ ಎಂದು ಶೀರ್ಷಿಕೆ ಬರೆದು, ಅಡಿಗೆರೆ ಎಳೆದು, ಚಿತ್ರ ಬಿಡಿಸಿದರೆ ಪೂರ್ತಿ ಮಾರ್ಕ್ಸು.

ಕಥೆ ಚೆನ್ನಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಬೇಕಾದರೆ ಒಂದು ಮೋಲ್‌ಗೆ 496 ಕಿಲೋಜೂಲ್ ಖರ್ಚು. ಕ್ಲೋರಿನ್ ಅದನ್ನು ಸೇರಿಸಿಕೊಂಡಾಗ ಹೊರಬರುವುದು 349. ಅಂದರೆ ದಾನ ನಡೆದ ಮೇಲೆ 147 ಕಿಲೋಜೂಲ್ ಕೈಯಿಂದಲೇ ಹೋಯಿತು. ಎಂಟರ ಸಂಸಾರದ ಆಸೆಗೆ ಯಾರೂ ಏನನ್ನೂ ಕೊಡುತ್ತಿಲ್ಲ. ನಷ್ಟವೆಲ್ಲ ತುಂಬಿ ಲಾಭ ಬರುವುದು ಕೋಟಿ ಕೋಟಿ ಅಯಾನುಗಳು ಒಟ್ಟಾಗಿ ಹರಳು ಕಟ್ಟಿದಾಗ: ಆಗ ಬಿಡುಗಡೆಯಾಗುವ ಶಕ್ತಿ 788 ಕಿಲೋಜೂಲ್. ಬಂಧ ಇರುವುದು ಬಾಣದಲ್ಲಲ್ಲ, ಹರಳಿನಲ್ಲಿ. ಅಲ್ಲಿ ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಈ ಸೋಡಿಯಂ ಆ ಕ್ಲೋರೈಡಿನದು ಎಂದು ತೋರಿಸಲು ಬರುವುದೇ ಇಲ್ಲ.

ಇದನ್ನು ಹೇಳಿದರೆ ಹುಡುಗರು ಒಪ್ಪುತ್ತಿರಲಿಲ್ಲ. "ಹಂಗಾದ್ರೆ ಸೋಡಿಯಂ ಕ್ಲೋರೈಡ್ ಅಂತ ಒಂದು ಮಾಲೆಕ್ಯೂಲೇ ಇಲ್ಲ ಅಲ್ದಾ ಸರ್?" ಎಂದು ಒಬ್ಬ ಎದ್ದು ನಿಂತರೆ ಕ್ಲಾಸೆಲ್ಲ ನನ್ನ ಮುಖ ನೋಡುತ್ತಿತ್ತು. ಅವರನ್ನು ದೂರುವಂತಿಲ್ಲ. ಬ್ರ್ಯಾಗ್ ತಂದೆ-ಮಗ 1913ರಲ್ಲಿ ಎಕ್ಸ್-ಕಿರಣಗಳಿಂದ ಉಪ್ಪಿನ ರಚನೆ ಬಿಡಿಸಿ ತೋರಿಸಿ ಹದಿನಾಲ್ಕು ವರ್ಷವಾದ ಮೇಲೂ, ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಇಂಗ್ಲೆಂಡಿನ ಹಿರಿಯ ರಸಾಯನಶಾಸ್ತ್ರಜ್ಞ 'ನೇಚರ್' ಪತ್ರಿಕೆಗೆ ಸಿಡಿಮಿಡಿಗೊಂಡು ಪತ್ರ ಬರೆದಿದ್ದ. ಉಪ್ಪಿನಲ್ಲಿ ಅಣುವೇ ಇಲ್ಲ, ಚದುರಂಗದ ಮಣೆಯ ಹಾಗೆ ಅಯಾನುಗಳಿವೆ ಎಂಬುದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಆ ಪತ್ರದ ವಿಷಯ ಹೇಳಿದ ದಿನ ಹಿಂದಿನ ಬೆಂಚಿನವರು ಆರ್ಮ್‌ಸ್ಟ್ರಾಂಗನ ಪಕ್ಷ ಸೇರಿದರು.

ಅವರನ್ನು ಒಲಿಸಿಕೊಳ್ಳಲು ನಾನು ಗೋಡೆ ದಾಟಿ ಲ್ಯಾಬಿಗೇ ಕರೆದುಕೊಂಡು ಹೋಗತೊಡಗಿದೆ. ಬ್ರೋಮೈಡ್, ಅಯೋಡೈಡ್ ಪರೀಕ್ಷೆಗೆಂದು ಕಾರ್ಬನ್ ಟೆಟ್ರಾಕ್ಲೋರೈಡಿನ ಬಾಟಲಿ ಆಗ ಪ್ರತಿ ಲ್ಯಾಬಿನಲ್ಲೂ ಇರುತ್ತಿತ್ತು. ಒಂದು ಟ್ಯೂಬಿನಲ್ಲಿ ಉಪ್ಪಿನ ತೆಳು ದ್ರಾವಣ, ಇನ್ನೊಂದರಲ್ಲಿ ಈ ಟೆಟ್ರಾಕ್ಲೋರೈಡ್. ಎರಡಕ್ಕೂ ಎರಡೆರಡು ಹನಿ ಸಿಲ್ವರ್ ನೈಟ್ರೇಟ್. ಹನಿ ಎಣಿಸಿಯೇ ಹಾಕಬೇಕು, ಅಷ್ಟು ದುಬಾರಿ. ಬೆರಳಿಗೆ ತಾಗಿದರೆ ಮರುದಿನ ಕರಿ ಕಲೆ. ನೀರು ಡಿಸ್ಟಿಲ್ಡ್ ಆಗಿರಬೇಕು, ಏಕೆಂದರೆ ಬೇಸಗೆಯಲ್ಲಿ ನಮ್ಮ ಕಾಲೇಜಿನ ಬಾವಿಗೆ ಸವಳು ಏರಿ, ಬರೀ ಬಾವಿ ನೀರೇ ಸಿಲ್ವರ್ ನೈಟ್ರೇಟಿಗೆ ಬೆಳ್ಳಗಾಗುತ್ತಿತ್ತು. ಉಪ್ಪಿನ ಟ್ಯೂಬಿನಲ್ಲಿ ಹನಿ ಬಿದ್ದಲ್ಲೇ ಬಿಳಿ ಪ್ರೆಸಿಪಿಟೇಟ್ ಗರಣೆ ಗರಣೆಯಾಗಿ ಇಳಿಯಿತು. ಪಕ್ಕದ್ದರಲ್ಲಿ ಏನೂ ಇಲ್ಲ. ತಳದಲ್ಲಿ ಟೆಟ್ರಾಕ್ಲೋರೈಡ್, ಮೇಲೆ ತೇಲುವ ಹನಿ, ಎರಡೂ ಕನ್ನಡಿಯಷ್ಟು ತಿಳಿ, ಕುಲುಕಿದರೂ ತಿಳಿಯೇ. ಅದರ ಪ್ರತಿ ಅಣುವಿನಲ್ಲೂ ನಾಲ್ಕು ಕ್ಲೋರಿನ್ ಇವೆ, ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕ್ಲೋರಿನ್ನೇ. ಆದರೆ ಬಿಡಿಯಾಗಿ ಓಡಾಡುವ ಕ್ಲೋರೈಡ್ ಅಯಾನು ಒಂದೂ ಇಲ್ಲ. ಇಷ್ಟಾದ ಮೇಲೆ ಕರಿಹಲಗೆಯ ಮುಂದೆ ಅರ್ಧ ಗಂಟೆ ಮಾತಾಡುವುದು ಉಳಿಯುತ್ತಿತ್ತು.

ಇನ್ನೊಂದು ಪ್ರಯೋಗಕ್ಕೆ ಉಪ್ಪು ಒದಗುತ್ತಿರಲಿಲ್ಲ. ಅದು ಕರಗಿ ನೀರಾಗಲು 801 ಡಿಗ್ರಿ ಬೇಕು, ನಮ್ಮ ಗ್ಯಾಸ್ ಬರ್ನರಿನ ಕೈಗೆ ಸಿಗುವಂಥದ್ದಲ್ಲ. ಹಾಗಾಗಿ 334 ಡಿಗ್ರಿಗೆ ಕರಗುವ ಪೊಟ್ಯಾಸಿಯಂ ನೈಟ್ರೇಟ್. ಪಿಂಗಾಣಿ ಬಟ್ಟಲಲ್ಲಿ ಅದರ ಪುಡಿ, ಅದಕ್ಕೆ ಎರಡು ಮೊಳೆ, ಮೊಳೆಗೆ ವೈರು, ವೈರಿಗೆ ಸೆಲ್ಲು ಮತ್ತು ಟಾರ್ಚಿನ ಬಲ್ಬು. ಪುಡಿ ಇರುವಷ್ಟು ಹೊತ್ತು ಬಲ್ಬು ಸತ್ತಂತೆ. ಕರಗಿ ನೀರಾದೊಡನೆ ಮಂಕಾಗಿ ಹೊತ್ತಿಕೊಂಡಿತು; ಉರಿ ತೆಗೆದು ಆರಲು ಬಿಟ್ಟರೆ ಮತ್ತೆ ಆರಿತು. ಒಂದು ತೊಟ್ಟು ನೀರೂ ಇಲ್ಲದೆ ಕರೆಂಟು ಹರಿದದ್ದು ಅವರಿಗೆ ಅಚ್ಚರಿ. ಅಯಾನುಗಳನ್ನು ನೀರು ಹುಟ್ಟಿಸುವುದಿಲ್ಲ, ಅವು ಮೊದಲೇ ಇವೆ, ನೀರು ಬಿಡಿಸುತ್ತದೆ ಅಷ್ಟೇ ಎನ್ನಲು ಈ ಬಲ್ಬು ಸಾಕಾಗಿತ್ತು.

ಉಪ್ಪು ಬೇಕೆಂದರೆ ಹತ್ತಿರದಲ್ಲೇ ಸಾಣಿಕಟ್ಟೆಯ ಆಗರ. ಅಘನಾಶಿನಿಯ ಅಳಿವೆಯ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಒಣಗಿಸುವ ಕೆಲಸ. ಅಲ್ಲಿಯ ದಪ್ಪ ಹರಳನ್ನು ಭೂತಗನ್ನಡಿಯಲ್ಲಿ ಹಿಡಿದರೆ ಮೂಲೆ ಮೂಲೆಯೂ ಲಂಬಕೋನ. ಸಮುದ್ರದ ನೀರು ಇಂಗುತ್ತ ಬಂದಾಗ ಜಿಪ್ಸಂ ಮೊದಲು ಬೀಳುತ್ತದೆ, ಆಮೇಲೆ ಉಪ್ಪು. ಮೆಗ್ನೀಸಿಯಂ ಕೊನೆಯವರೆಗೂ ಕಹಿ ನೀರಿನಲ್ಲೇ ಉಳಿಯುತ್ತದೆ. ಆ ಕಹಿ ನೀರು ತುಸು ಅಂಟಿಕೊಂಡೇ ಬರುವುದರಿಂದ ನಮ್ಮ ಮನೆಗಳ ಉಪ್ಪಿನ ಭರಣಿ ಮಳೆಗಾಲವಿಡೀ ಜಿನುಗುತ್ತದೆ. ಅಯಾನುಗಳು ಜೋಡಿ ಕಟ್ಟಿಕೊಂಡು ಸಮುದ್ರದಲ್ಲಿ ಇರುವುದಿಲ್ಲ, ಹೊರಬೀಳುವಾಗ ಯಾರು ಯಾರೊಡನೆ ಎಂಬುದು ಆಗ ನಿಗದಿಯಾಗುತ್ತದೆ ಎಂದು ಅಲ್ಲಿ ನಿಂತು ಹೇಳಿದರೆ ವಿವರಣೆ ಬೇಕಾಗುತ್ತಿರಲಿಲ್ಲ.

1994ರಲ್ಲಿ ಸಿಇಟಿ ಬಂತು. ಎಂಬತ್ತು ನಿಮಿಷಕ್ಕೆ ಅರವತ್ತು ಪ್ರಶ್ನೆ ಎನ್ನುವ ಗಡಿಬಿಡಿಯಲ್ಲಿ ಲ್ಯಾಬಿನ ಅವಧಿಗೆ ಬೆಲೆ ಇಳಿಯಿತು. ಸಾಲ್ಟಿನ ಪಟ್ಟಿಯನ್ನು ಕಂಠಪಾಠ ಮಾಡಿಸುವ ಟ್ಯೂಷನ್ನುಗಳೂ ಹುಟ್ಟಿದವು. ನಾನು ಕಂಡಂತೆ ಇದೇ ದೊಡ್ಡ ಪೆಟ್ಟು. ಕಿಪ್ಸ್ ಉಪಕರಣ ನಮ್ಮಲ್ಲಿ ಬೀರು ಸೇರಿತು. ಅದಕ್ಕೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಹೈಡ್ರೋಜನ್ ಸಲ್ಫೈಡ್ ವಿಷ. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡಿ ಕೊಲ್ಲುವ ಜಾತಿಯದು. ಓಜೋನ್ ಪದರಕ್ಕೆ ಕೇಡೆಂದು ಮಾಂಟ್ರಿಯಲ್ ಒಪ್ಪಂದದಂತೆ 2010ರ ಹೊತ್ತಿಗೆ ಕಾರ್ಬನ್ ಟೆಟ್ರಾಕ್ಲೋರೈಡಿನ ಬಾಟಲಿಯೂ ಹೋಯಿತು. 2012-13ರಲ್ಲಿ ಪಿಯುಗೆ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು ಒಳ್ಳೆಯದೇ ಆಯಿತು: 496, 349, 788ರ ಲೆಕ್ಕ ಪುಸ್ತಕದಲ್ಲೇ ಅಚ್ಚಾಗಿ ಬಂತು. ಪುಸ್ತಕ ಸರಿಹೋಗುವ ಹೊತ್ತಿಗೆ ಬೆಂಚು ಖಾಲಿಯಾಗಿತ್ತು.

ಆಮೇಲೆ ಪ್ರೊಜೆಕ್ಟರ್. ಪರದೆಯ ಮೇಲೆ ಉಪ್ಪಿನ ಹರಳು ತಿರುಗುವುದನ್ನು ನೋಡಿ ನಾನೇ ಬೆರಗಾದೆ. ಅದಕ್ಕೂ ಮೊದಲು ನಾವು ಥರ್ಮಾಕೋಲ್ ಉಂಡೆಗೆ ಹಿಡಿಕಡ್ಡಿ ಚುಚ್ಚಿ ಮಾದರಿ ಮಾಡಿಸುತ್ತಿದ್ದೆವು. ಮಕ್ಕಳು ಕಡ್ಡಿ ಎಣಿಸಿ, ಸೋಡಿಯಮ್ಮಿಗೆ ಆರು ಬಂಧ ಎಂದು ಬರೆಯುತ್ತಿದ್ದರು. ಪರದೆಯ ಚಿತ್ರದಲ್ಲಿ ಕಡ್ಡಿಯಿರಲಿಲ್ಲ.

ನಿವೃತ್ತಿಯ ನಂತರ ಒಮ್ಮೆ ಅದೇ ಲ್ಯಾಬಿಗೆ ಹೋಗಿದ್ದೆ. ಈಗಿನ ಲೆಕ್ಚರರ್, ನನ್ನ ಹಳೆಯ ವಿದ್ಯಾರ್ಥಿನಿ, ಟೆಟ್ರಾಕ್ಲೋರೈಡಿನ ಜಾಗದಲ್ಲಿ ಕ್ಲೋರೋಫಾರ್ಮ್ ಇಟ್ಟು ಅದೇ ಪ್ರಯೋಗ ಮಾಡಿಸುತ್ತಿದ್ದಳು. ಎಲ್ಲ ಟ್ಯೂಬುಗಳೂ ತಿಳಿಯಾಗಿದ್ದವು, ಕಿಟಕಿಯ ಬದಿಯ ಬೆಂಚಿನದು ಮಾತ್ರ ತುಸು ಬಿಳುಚಿತ್ತು. ಅವಳು ಟ್ಯೂಬು ಬದಲಿಸಲಿಲ್ಲ, ಏಕೆ ಹೀಗಾಯಿತೆಂದು ಹುಡುಗರನ್ನೇ ಕೇಳಿದಳು. ತೊಳೆದ ನೀರು, ಕೈ, ಉಪ್ಪಿನ ಟ್ಯೂಬಿನ ಡ್ರಾಪರು ಎಂದು ಏನೇನೋ ಹೇಳಿದರು. ಒಂದೊಂದನ್ನೂ ಪರೀಕ್ಷಿಸಿ ಬಿಟ್ಟರು. ಕೊನೆಗೆ ಒಬ್ಬ ಹುಡುಗಿ ಬಾಟಲಿಯನ್ನೇ ಎತ್ತಿ ನೋಡಿದಳು: ಉಳಿದ ಬಾಟಲಿಗಳು ಕಂದು ಗಾಜಿನವು, ಇದು ಬಿಳಿ ಗಾಜು, ಬಿಸಿಲಿಗೆ ಇಟ್ಟದ್ದು. ಬೆಳಕು, ಗಾಳಿ ತಾಗಿದರೆ ಕ್ಲೋರೋಫಾರ್ಮ್ ಮೆಲ್ಲಗೆ ಒಡೆದು ಫಾಸ್ಜೀನ್ ಎಂಬ ವಿಷಾನಿಲವೂ ಹೈಡ್ರೋಜನ್ ಕ್ಲೋರೈಡೂ ಹುಟ್ಟುತ್ತವೆ. ಲೆಕ್ಚರರ್ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಫ್ಯೂಮ್ ಕಬೋರ್ಡಿಗೆ ಸೇರಿಸಿದಳು. "ಮೇಡಂ, ಅಂದ್ರೆ ಈ ಟ್ಯೂಬಲ್ಲಿ ನಿಜವಾಗ್ಲೂ ಕ್ಲೋರೈಡ್ ಅಯಾನು ಇತ್ತು" ಎಂದು ಆ ಹುಡುಗಿ ರೆಕಾರ್ಡ್ ಬುಕ್ಕಿನಲ್ಲಿ ಹೊಡೆದುಹಾಕಿದ್ದ ಸಾಲನ್ನು ಮತ್ತೆ ಬರೆಯತೊಡಗಿದಳು.