ಮಲಪ್ರಭೆಯ ದಡದಲ್ಲಿ ಎರಡು ಕಾದಂಬರಿಗಳು

ಬೆಳಗಾವಿ ನಗರದಿಂದ ತೆಂಕಣಕ್ಕೆ ಸುಮಾರು 26 ಕಿಲೋಮೀಟರು ಸಾಗಿದರೆ ಖಾನಾಪುರ. ಜೇಡಿಮಣ್ಣಿಗೂ ಅದರಿಂದ ಮಾಡುವ ಹೆಂಚು, ಮಡಕೆಗಳಿಗೂ ಹೆಸರಾದ ಊರು. ತಾಲೂಕಿನ ಪಶ್ಚಿಮದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಈ ಊರಿನ ಮಗ್ಗುಲಲ್ಲಿ ಹರಿದು, ಎಂ.ಕೆ. ಹುಬ್ಬಳ್ಳಿಯಲ್ಲಿ ತಾಯಿ ಗಂಗಾಂಬಿಕೆಯ ಐಕ್ಯಸ್ಥಳವನ್ನು ಬಳಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಶರಣ ಬಂಧುಗಳಿಗೆ ಇದು ಬರಿಯ ಹೊಳೆಯಲ್ಲ.

ಈ ಸಲದ ಪಯಣದಲ್ಲಿ ನಮ್ಮ ಜೋಳಿಗೆಯೊಳಗೆ ಎರಡು ಪುಸ್ತಕಗಳಿದ್ದವು. ಎರಡೂ ಜರ್ಮನ್ ಭಾಷೆಯ ಕಾದಂಬರಿಕಾರ ಹರ್ಮನ್ ಹೆಸ್ಸೆಯವರವು (1877–1962). ಈ ಹೆಸರು ನಮ್ಮ ನಾಡಿಗೆ ತೀರ ಹೊರಗಿನದಲ್ಲ. ಅವರ ತಾಯಿ ಹುಟ್ಟಿದ್ದು 1842ರಲ್ಲಿ ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಅವರು ಮಲಯಾಳಕ್ಕೆ ನಿಘಂಟು ರಚಿಸಿದ ಬಾಸೆಲ್ ಮಿಷನ್ನಿನ ವಿದ್ವಾಂಸರು. 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ ಅವರೂ ಅದೇ ಮಿಷನ್ನಿನವರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಅದೇ ಮಿಷನ್ನು.

1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹೆಸ್ಸೆಯವರ ಕೃತಿಗಳಲ್ಲಿ ಯಾವುದು ಮೆಚ್ಚು ಎಂದು ಬೆಳಗಾವಿಯ ಓದುಗ ಮಿತ್ರರನ್ನು ಕೇಳಿದೆವು. ಒಬ್ಬರು 'ಸ್ಟೆಪ್ಪನ್‌ವುಲ್ಫ್' ಎಂದರು, ಇನ್ನೊಬ್ಬರು 'ಗಾಜಿನ ಮಣಿಗಳ ಆಟ' ಎಂದರು. ಮಿಕ್ಕವರೆಲ್ಲರ ಬಾಯಲ್ಲಿ ಒಂದೇ ಹೆಸರು, 'ಸಿದ್ಧಾರ್ಥ'.

1922ರಲ್ಲಿ ಪ್ರಕಟವಾದ ಈ ಕೃತಿಯ ನಾಯಕನು ಭಗವಾನ್ ಬುದ್ಧನಲ್ಲ. ಬುದ್ಧನ ಕಾಲದ ಒಬ್ಬ ಬ್ರಾಹ್ಮಣಕುಮಾರ. ಮನೆ ತೊರೆದು, ತಪಸ್ಸು ಮಾಡಿ, ಪಟ್ಟಣದ ಭೋಗದಲ್ಲಿ ಮುಳುಗಿ, ಕೊನೆಗೆ ಜೀವ ಬೇಸತ್ತು ಹೊಳೆಯ ದಡಕ್ಕೆ ಬರುತ್ತಾನೆ. ಅಲ್ಲಿ ಅವನನ್ನು ಬಳಿಗೆ ಕರೆದುಕೊಳ್ಳುವವನು ವಾಸುದೇವನೆಂಬ ಅಂಬಿಗ. ಅವನು ಉಪದೇಶಿಸುವುದು ಕಡಿಮೆ, ಆಲಿಸುವುದು ಹೆಚ್ಚು. ದೋಣಿ ನಡೆಸುವುದೇ ಅವನ ಸಾಧನೆ. ಅಂಬಿಗರ ಚೌಡಯ್ಯನ ವಚನಗಳನ್ನು ಕೇಳಿ ಬೆಳೆದ ನಮಗೆ ಈ ಪಾತ್ರ ಹೊಸತೆನಿಸಲಿಲ್ಲ. ಕಾಯಕವೇ ಗುರುವಾಗುವ ಬಗೆಯನ್ನು ದೂರದೇಶದವರೊಬ್ಬರು ಕಂಡುಕೊಂಡರಲ್ಲಾ ಎಂದು ಸಂತೋಷವಾಯಿತು.

ಇನ್ನೊಂದು ಪುಸ್ತಕವನ್ನು ನಮ್ಮವರು ಅಷ್ಟಾಗಿ ಓದಿಲ್ಲ. 1906ರ ಆ ಕಾದಂಬರಿಯ ಹೆಸರು 'ಉಂಟರ್ಮ್ ರಾಡ್', ಎಂದರೆ 'ಗಾಲಿಯ ಕೆಳಗೆ'. ಸಣ್ಣ ಊರಿನ ಜಾಣ ಹುಡುಗ ಹಾನ್ಸ್. ಪರೀಕ್ಷೆಗೆಂದು ಅವನ ಮೀನು ಹಿಡಿಯುವ ಸುಖವನ್ನೂ, ಸಾಕಿದ ಮೊಲಗಳನ್ನೂ ಬಿಡಿಸುತ್ತಾರೆ. ಅವನು ನಾಡಿಗೇ ಎರಡನೆಯವನಾಗಿ ತೇರ್ಗಡೆಯಾಗಿ ಮೌಲ್‌ಬ್ರಾನ್ ಮಠದ ವಿದ್ಯಾಶಾಲೆ ಸೇರುತ್ತಾನೆ. ತಂದೆ, ಗುರುಗಳು, ಪಾದ್ರಿ ಎಲ್ಲರಿಗೂ ಹೆಮ್ಮೆ. ಹುಡುಗನ ಬಿಳಚಿದ ಮುಖ ಕಂಡು ಮರುಗಿದವನು ಊರಿನ ಸಮಗಾರನೊಬ್ಬನೇ. ಶಾಲೆಯಲ್ಲಿ ಬಳಲಿ, ಮನಸ್ಸು ಕುಸಿದು ಮರಳಿದ ಹಾನ್ಸ್ ಒಂದು ರಾತ್ರಿ ಹೊಳೆಯ ಪಾಲಾಗುತ್ತಾನೆ. ಹೆಸ್ಸೆಯವರೂ ಬಾಲ್ಯದಲ್ಲಿ ಅದೇ ಶಾಲೆ ಸೇರಿ, 1892ರಲ್ಲಿ ಅಲ್ಲಿಂದ ಓಡಿಹೋದವರು.

ಮಲಪ್ರಭೆಯ ದಡದಲ್ಲಿ ಕುಳಿತು ಇವೆರಡನ್ನೂ ಒಟ್ಟಿಗೆ ನೆನೆದೆವು. ಎರಡರಲ್ಲಿಯೂ ಹೊಳೆಯಿದೆ. ಒಂದರಲ್ಲಿ ಅದು ದಾಟಿಸಿತು, ಇನ್ನೊಂದರಲ್ಲಿ ನುಂಗಿತು. ಹಾನ್ಸನ ದಡದಲ್ಲಿ ಅಂಬಿಗನಿರಲಿಲ್ಲ.

ಈ ಮಾತು ನಮ್ಮ ಮನೆಗಳಿಗೂ ಸಲ್ಲುತ್ತದೆ. 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ ನಗರ ಬೆಳಗಾವಿ; 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೆಲೆಯೂ ಹೌದು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಕಲಿತು ಮೇಲೆ ಬಂದವರು ಅಸಂಖ್ಯ. ವಿದ್ಯೆ ನಮ್ಮ ಸಮಾಜವನ್ನು ಎತ್ತಿದೆ. ಅದನ್ನು ಹಗುರಾಗಿ ಕಾಣುವವರು ನಾವಲ್ಲ. ನಾವೂ ಮಠದ ಅಂಗಳದಲ್ಲಿ ನಸುಕಿನಲ್ಲೆದ್ದು ಅಮರಕೋಶ ಬಾಯಿಪಾಠ ಮಾಡಿದವರೇ. ಆದರೆ ಪಾಠ ಒಪ್ಪಿಸಿಕೊಂಡ ಹಿರಿಯರು ಪಂಕ್ತಿಯಲ್ಲಿ ನಮ್ಮ ಮುಖವನ್ನೂ ನೋಡುತ್ತಿದ್ದರು. ತುತ್ತು ಇಳಿಯದವನನ್ನು ಬಳಿಗೆ ಕರೆದು ಮಾತನಾಡಿಸುತ್ತಿದ್ದರು. ಇಂದು ಖಾನಾಪುರದ ಕಾಡಂಚಿನ ಹಳ್ಳಿಯಿಂದ ನಗರದ ವಸತಿಗೃಹಕ್ಕೆ ಬಂದ ಮಗುವಿನ ಮುಖವನ್ನು ನೋಡುವವರು ಯಾರು?

ಆದುದರಿಂದ ಸದ್ಭಕ್ತರಲ್ಲಿ ನಮ್ಮದೊಂದು ಅರಿಕೆ. 'ಸಿದ್ಧಾರ್ಥ'ವನ್ನು ಮಕ್ಕಳ ಕೈಗೆ ಕೊಡಿರಿ. 'ಗಾಲಿಯ ಕೆಳಗೆ' ಕಾದಂಬರಿಯನ್ನು ಮೊದಲು ತಂದೆತಾಯಿಗಳು ಓದಿರಿ. ಹಾನ್ಸನನ್ನು ಮಣ್ಣು ಮಾಡಿದ ದಿನ ಆ ಸಮಗಾರನು, ಹುಡುಗನು ಕೆಡುವುದರಲ್ಲಿ ಗುರುಗಳ ಪಾಲೂ ಇದೆಯೆಂದು ಅವನ ತಂದೆಗೆ ಹೇಳುತ್ತಾನೆ. ನಾವಿಬ್ಬರೂ ಅವನನ್ನು ಸಾಕಷ್ಟು ನೋಡಿಕೊಳ್ಳಲಿಲ್ಲವೇನೋ ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಅಂತಹ ಮಾತು ಯಾವ ಮನೆಯಲ್ಲಿಯೂ ತಡವಾಗಿ ಬರಬಾರದು. ದೂರವಾಣಿಯಲ್ಲಿ ಮಗುವಿಗೆ 'ಎಷ್ಟು ಅಂಕ ಬಂತು' ಎಂದು ಕೇಳುವ ಮುನ್ನ 'ಉಂಡೆಯಾ, ನಿದ್ದೆ ಬಂತೆ' ಎಂದು ಕೇಳಿರಿ; ಬರುವ ಉತ್ತರವನ್ನು ಪೂರ್ತಿ ಆಲಿಸಿರಿ.